ದಾವಣಗೆರೆ ಬಿಸಿಲಲ್ಲಿ ಇಇಜಿ ತೆಗೆಯುವಾಗ

ಪಿಎಚ್‌ಡಿಗೆ ಇಲ್ಲೇ ಇಇಜಿ (ತಲೆಗೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆಯುವುದಾದರೆ ಬರುವವರಿಗೆ ಹಿಂದಿನ ದಿನವೇ ಹೇಳಿಬಿಡಿ: ತಲೆಗೆ ಶಾಂಪೂ ಹಾಕಿಕೊಂಡು ಬನ್ನಿ, ಕೊಬ್ಬರಿ ಎಣ್ಣೆ ಬೇಡ. ಜಿಡ್ಡಿದ್ದರೆ ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗಿಳಿಯುವುದು ಕಷ್ಟ.

ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯ ಮುಂದಿನಿಂದ ಇನ್ನೊಂದರವರೆಗೆ ಟೇಪು ಹಿಡಿಯಿರಿ. ಎರಡರ ನಡುಮಧ್ಯ ಕೂಡುವಲ್ಲಿ ಸಿ-ಜೆಡ್ (Cz), ಅಂದರೆ ನಡುನೆತ್ತಿಯ ಎಲೆಕ್ಟ್ರೋಡ್. ಕೂದಲು ಸರಿಸಿ ಜೆಲ್ ಹಾಕಿ, ಸುರಿಯಬೇಡಿ. ಪಕ್ಕದ ಎಲೆಕ್ಟ್ರೋಡ್‌ಗೆ ಹರಿದರೆ ಎರಡೂ ಒಂದೇ ಸಂಕೇತ ತೋರಿಸುತ್ತವೆ.

ಏಪ್ರಿಲ್‌ನಲ್ಲಿ ಬೆವರಿನದೇ ಕಾಟ: ಗೆರೆ ನಿಧಾನಕ್ಕೆ ಮೇಲೆ ಕೆಳಗೆ ತೇಲುತ್ತದೆ. ಬೆಳಿಗ್ಗೆಯೇ ಕರೆಸಿ, ಬಂದವರನ್ನು ಸ್ವಲ್ಪ ಹೊತ್ತು ಫ್ಯಾನ್ ಕೆಳಗೆ ಕೂರಿಸಿ. ಕರೆಂಟ್ ಲೈನಿನ 50 ಹರ್ಟ್ಸ್ ಗದ್ದಲ ಕಂಡರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕೀಳಿ, ಗ್ರೌಂಡ್ ಎಲೆಕ್ಟ್ರೋಡ್ ನೋಡಿ. ಫಿಲ್ಟರ್ ಆಮೇಲಿನ ಮಾತು.

ಶುರುವಿಗೆ ಮುಂಚೆ ಒಂದು ನಿಮಿಷ ಕಣ್ಣು ಮುಚ್ಚಿಸಿ. ಬಹುತೇಕರಿಗೆ ಹಿಂದಲೆಯಲ್ಲಿ 8–13 ಹರ್ಟ್ಸ್‌ನ ಆಲ್ಫಾ ಅಲೆ ಏಳುತ್ತದೆ. ಅದು ಹಣೆಯ ಚಾನೆಲ್‌ಗಳಲ್ಲೇ ಜೋರಾಗಿದ್ದರೆ ಕೇಬಲ್ ಅದಲುಬದಲಾಗಿದೆಯೇ ನೋಡಿ.