ನಲವತ್ತು ವರ್ಷದ ಸಂಸಾರಕ್ಕೆ ಯಾವ ಹಾಡು?

ಮದುವೆ ವಾರ್ಷಿಕೋತ್ಸವಕ್ಕೆ ಒಂದು ಒಳ್ಳೆ ಹಾಡು ಹೇಳಿ ಅಂತ ಯಾರಾದರೂ ಕೇಳಿದರೆ, ಎಷ್ಟನೇ ವರ್ಷದ್ದು ಅಂತ ನಾನು ಮೊದಲು ಕೇಳುತ್ತೇನೆ. ಒಂದನೇ ವರ್ಷದ ಜೋಡಿಗೆ ಒಪ್ಪುವ ಹಾಡು ಇಪ್ಪತ್ತೈದಕ್ಕೆ ಒಪ್ಪುವುದಿಲ್ಲ. ನಲವತ್ತಕ್ಕಂತೂ ಇಲ್ಲವೇ ಇಲ್ಲ. ಕಳೆದ ವರ್ಷ ಅಪ್ಪ-ಅವ್ವನ ನಲವತ್ತನೇ ವರ್ಷಕ್ಕೆ ಹಾಡು ಆರಿಸಲು ಕೂತಾಗ ಇದು ನನಗೆ ಚೆನ್ನಾಗಿ ಮನದಟ್ಟಾಯಿತು.

ನಾನು ವೃತ್ತಿಯ ಗಾಯಕಿ ಅಲ್ಲ. ಕಲಬುರಗಿಯಲ್ಲಿ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹಾಡುತ್ತೇನೆ, ಹಾರ್ಮೋನಿಯಂ ನುಡಿಸುತ್ತೇನೆ. ನೆಂಟರ ಮನೆಯಲ್ಲಿ ಮದುವೆ, ತೊಟ್ಟಿಲು, ಗೃಹಪ್ರವೇಶ ಏನೇ ಇದ್ದರೂ ಮೈಕ್ ನನ್ನ ಕೈಗೇ ಬರುತ್ತದೆ. ಹಾಗಾಗಿ ಈ ಸಲವೂ ಹಾಡಿನ ಜವಾಬ್ದಾರಿ ನನ್ನದೇ. ಹಾಲ್ ಬೇಡ, ಮನೆಯ ಮಾಳಿಗೆ ಮೇಲೆ, ಬಿಸಿಲು ಇಳಿದ ಮೇಲೆ ಮಾಡೋಣ ಅಂತ ಅಪ್ಪ ಹೇಳಿದರು. ಮೇ ತಿಂಗಳ ಕಲಬುರಗಿಯಲ್ಲಿ ಬೇರೆ ದಾರಿಯೂ ಇಲ್ಲ.

ಮೊದಲು ಎಲ್ಲರಿಂದಲೂ ಇಷ್ಟದ ಹಾಡು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೆಂಗಳೂರಿನಲ್ಲಿರುವ ತಮ್ಮ ಕಳಿಸಿದ ಪಟ್ಟಿಯಲ್ಲಿ ಎಲ್ಲ ಹೊಸ ಹಾಡುಗಳು. 'ಅನಿಸುತಿದೆ ಯಾಕೋ ಇಂದು', 'ಮಿಂಚಾಗಿ ನೀನು ಬರಲು', 'ಸಿಂಗಾರ ಸಿರಿಯೆ'. ಮೂರೂ ನನಗೆ ಇಷ್ಟ. ಜಯಂತ ಕಾಯ್ಕಿಣಿ ಬರೆದ ಮೊದಲೆರಡನ್ನು ನಾನೇ ಎಷ್ಟೋ ಸಲ ಹಾಡಿದ್ದೇನೆ. ಆದರೆ ಅವುಗಳಲ್ಲಿ ಮಾತಾಡುವವನು ಹುಡುಗಿಯನ್ನು ಈಗಷ್ಟೇ ಕಂಡು ತಬ್ಬಿಬ್ಬಾದ ಹುಡುಗ. ಅವನಿಗೆ ಅವಳು ಸಿಗುತ್ತಾಳೋ ಇಲ್ಲವೋ ಗೊತ್ತಿಲ್ಲ. 2006ರ 'ಮುಂಗಾರು ಮಳೆ'ಯಲ್ಲಂತೂ ಸಿಗುವುದೇ ಇಲ್ಲ. ಮಕ್ಕಳು ಮೊಮ್ಮಕ್ಕಳನ್ನು ಕಂಡ ಅಪ್ಪ-ಅವ್ವನ ಮುಂದೆ ನಿಂತು ಅದನ್ನು ಹಾಡಿದರೆ ಕೇಳಲು ಚೆಂದ ಇರುತ್ತದೆ, ಆದರೆ ಅವರ ಹಾಡು ಆಗುವುದಿಲ್ಲ. ಹಾಡಿನಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನೇ ನಾನು ಮೊದಲ ಪರೀಕ್ಷೆ ಮಾಡಿಕೊಂಡೆ. ಗಂಡ ಹೆಂಡತಿಗೆ, ಇಲ್ಲ ಹೆಂಡತಿ ಗಂಡನಿಗೆ ಹೇಳುವ ಹಾಡು ಬೇಕು. ಜೊತೆಗೆ ಒಂದಷ್ಟು ಕಾಲ ಬಾಳಿದವರ ದನಿ ಅದರಲ್ಲಿ ಇರಬೇಕು.

ಈ ಜರಡಿಯಲ್ಲಿ ಅರ್ಧ ಪಟ್ಟಿ ಉದುರಿತು.

ಎರಡನೇ ಪರೀಕ್ಷೆ ಚರಣಗಳದ್ದು. ನಮಗೆಲ್ಲ ಪಲ್ಲವಿ ಬಾಯಿಪಾಠ ಇರುತ್ತದೆ, ಚರಣದಲ್ಲಿ ಏನಿದೆ ಅಂತ ಗಮನ ಕೊಟ್ಟಿರುವುದಿಲ್ಲ. 'ಒಲವಿನ ಉಡುಗೊರೆ ಕೊಡಲೇನು' ಹಾಡನ್ನೇ ತಗೊಳ್ಳಿ. 1987ರ ಚಿತ್ರ, ಎಂ. ರಂಗರಾವ್ ಸಂಗೀತ, ಪಿ. ಜಯಚಂದ್ರನ್ ದನಿ. ಉಡುಗೊರೆ ಅನ್ನುವ ಮಾತು ಕೇಳಿದ ತಕ್ಷಣ ಎಲ್ಲರೂ ಇದೇ ಸರಿ ಅಂತಾರೆ. ಆದರೆ ಎರಡನೇ ಸಾಲಿನಲ್ಲೇ ರಕ್ತದಲ್ಲಿ ಬರೆದೆ ಅನ್ನುವ ಮಾತು ಬರುತ್ತದೆ. ನನಗೆ ಅದು ಆ ಸಂಜೆಗೆ ಬೇಡ ಅನ್ನಿಸಿತು. 'ನೂರೊಂದು ನೆನಪು' ಇನ್ನೂ ಜನಪ್ರಿಯ, ವಾರ್ಷಿಕೋತ್ಸವಗಳಲ್ಲಿ ಎಸ್.ಪಿ.ಬಿ. ಅಭಿಮಾನಿಗಳು ತಪ್ಪದೆ ಹಾಡುತ್ತಾರೆ. 1984ರ 'ಬಂಧನ' ನೋಡಿದವರಿಗೆ ಗೊತ್ತು, ಅದು ಪ್ರೀತಿಸಿದವಳು ಬೇರೆಯವನ ಹೆಂಡತಿಯಾದ ಮೇಲಿನ ನೋವು. ಗಂಡ-ಹೆಂಡತಿ ಅಕ್ಕಪಕ್ಕ ಕೂತಿರುವಾಗ ಅದನ್ನು ಹಾಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಗಟ್ಟಿ. ನಮ್ಮ ಕಡೆಯ ಮಾತಿನಲ್ಲಿದೆ, ಗಂಡ ಹೆಂಡತಿಗೆ ಹೇಳುವ ಹಾಡು, ಹೆಸರು ಕೇಳಿದರೆ ಪ್ರೀತಿಯ ಹಾಡೇ ಅನ್ನಿಸುತ್ತದೆ. ಅದು ಮಗುವನ್ನು ಕಳೆದುಕೊಂಡ ತಂದೆ ತಾಯಿಯ ದುಃಖದ ಹಾಡು. ಅಂಥ ಹಾಡಿಗೆ ಬೇರೆಯೇ ಜಾಗ ಇದೆ. ಸಂಭ್ರಮದ ಮನೆಯಲ್ಲಿ ಚಪ್ಪಾಳೆಯ ನಡುವೆ ಅದನ್ನು ಹಾಡಬೇಡಿ ಅಂತ ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಬೇಂದ್ರೆಯವರದೇ ಬೇಕಾದರೆ 'ನಾನು ಬಡವಿ ಆತ ಬಡವ' ಇದೆಯಲ್ಲ! ಹೆಂಡತಿಯೇ ಹೇಳುತ್ತಾಳೆ. ಮನೆಯಲ್ಲಿ ಏನೂ ಇರಲಿಲ್ಲ, ಇದ್ದದ್ದು ಒಲವೊಂದೇ, ಅದನ್ನೇ ಎಲ್ಲಕ್ಕೂ ಬಳಸಿಕೊಂಡೆವು ಅಂತ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಬಾಡಿಗೆ ಮನೆ, ಒಂದೇ ಕೋಣೆ, ನಾವು ಮೂವರು ಮಕ್ಕಳು. ನನ್ನ ಪಟ್ಟಿಯಲ್ಲಿ ಈ ಹಾಡು ಮೊದಲ ದಿನವೇ ಖಾಯಂ ಆಯಿತು.

ಇನ್ನು ಸಿನಿಮಾದ ಕತೆ. 'ಜೊತೆಯಲಿ ಜೊತೆಜೊತೆಯಲಿ' ಹಾಡಿನ ಮಾತುಗಳಲ್ಲಿ ಒಂದು ಕಹಿ ಅಕ್ಷರವೂ ಇಲ್ಲ. ಇಳಯರಾಜ ಸಂಗೀತ, ಎಸ್.ಪಿ.ಬಿ. ಮತ್ತು ಎಸ್. ಜಾನಕಿ. ಆದರೆ 1981ರ 'ಗೀತಾ' ಚಿತ್ರದ ನಾಯಕಿಗೆ ರಕ್ತದ ಕ್ಯಾನ್ಸರ್. ಹಾಡು ಕೇಳಿದರೆ ಆ ಕತೆ ನೆನಪಾಗುತ್ತದೋ ಇಲ್ಲವೋ ಅನ್ನುವುದು ಮನೆಯಿಂದ ಮನೆಗೆ ಬೇರೆ. ನಮ್ಮ ಬಳಗದಲ್ಲಿ ಆ ಕಾಯಿಲೆಯನ್ನು ಹತ್ತಿರದಿಂದ ಕಂಡವರಿದ್ದಾರೆ. ಅವರೂ ಅವತ್ತು ಬರುವವರಿದ್ದರು. ಹಾಗಾಗಿ ಬಿಟ್ಟೆ. ಬೇರೆ ಮನೆಯಾದರೆ ಖಂಡಿತ ಹಾಡುತ್ತೇನೆ.

ಕೊನೆಗೆ ನಿಜವಾದ ಪೈಪೋಟಿ ಉಳಿದದ್ದು ಎರಡು ಹಾಡುಗಳ ನಡುವೆ. 'ಎಂದೆಂದೂ ನಿನ್ನನು ಮರೆತು' ಮತ್ತು 'ಆಕಾಶವೆ ಬೀಳಲಿ ಮೇಲೆ'. ಎರಡಕ್ಕೂ ರಾಜನ್-ನಾಗೇಂದ್ರ ಸಂಗೀತ, ಎರಡರಲ್ಲೂ ಪಿ.ಬಿ. ಶ್ರೀನಿವಾಸ್ ದನಿ. ಮೊದಲನೆಯದು 1974ರ 'ಎರಡು ಕನಸು' ಚಿತ್ರದ್ದು, ವಾಣಿ ಜಯರಾಂ ಜೊತೆಗಿನ ಯುಗಳಗೀತೆ. ಎರಡನೆಯದು 1971ರ 'ನ್ಯಾಯವೇ ದೇವರು' ಚಿತ್ರದ್ದು, ಗಂಡು ದನಿ ಒಂದೇ. ಅಕ್ಕ ಮೊದಲನೆಯದರ ಪಕ್ಷ. "ಇಬ್ರೂ ಮಾತಾಡ್ಬೇಕಲ್ಲ, ಸಂಸಾರ ಒಬ್ಬರ್ದೇನು?" ಅಂತ ಅವಳ ವಾದ. ಅವಳು ಹೇಳುವುದು ಸರಿ. ಯುಗಳಗೀತೆಯಲ್ಲಿ ಒಬ್ಬರ ಸಾಲಿಗೆ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಕೇಳುವವರ ಕಣ್ಣು ತಾನಾಗಿ ಜೋಡಿಯ ಕಡೆ ತಿರುಗುತ್ತದೆ.

'ಆಕಾಶವೆ ಬೀಳಲಿ' ಒಂದು ಭಾಷೆ ಕೊಡುವ ಹಾಡು. ಆಕಾಶ ಬಿದ್ದರೂ ಭೂಮಿ ಬಾಯಿಬಿಟ್ಟರೂ ನಿನ್ನ ಕೈಬಿಡೆನು ಅಂತ. ಮದುವೆಯ ದಿನ ಅದು ಮುಂದಿನ ಮಾತು. ನಲವತ್ತು ವರ್ಷ ಆದ ಮೇಲೆ ಅದೇ ಮಾತನ್ನು ನಾನೋ ತಮ್ಮನೋ ಹಾಡಿದರೆ ಸಪ್ಪೆ. ಮಾತು ಉಳಿಸಿಕೊಂಡ ಮನುಷ್ಯನೇ ಹಾಡಬೇಕು. ಹೀಗಂತ ಅಪ್ಪನಿಗೆ ಹೇಳಿದೆ. "ನಂಗೇನು ಬರ್ತದವಾ ಹಾಡೂದು" ಅಂತ ಅಂದರು, ಆದರೆ ಅವತ್ತೇ ರಾತ್ರಿ ಮೊಬೈಲಿನಲ್ಲಿ ಆ ಹಾಡು ಹಾಕಿಕೊಂಡು ಕೂತಿದ್ದರು. ಹೀಗಾಗಿ ಎರಡೂ ಉಳಿದವು. ಯುಗಳಗೀತೆ ನಾನು ಮತ್ತು ನಮ್ಮ ಭಾವ, 'ಆಕಾಶವೆ' ಅಪ್ಪ.

ಪಿ.ಬಿ. ಶ್ರೀನಿವಾಸ್ ಹಾಡುಗಳಲ್ಲಿ ಮನೆಯವರಿಗೆ ಒಂದು ಅನುಕೂಲ ಇದೆ. ದನಿ ಮೆತ್ತಗೆ ಹೋಗುತ್ತದೆ, ಕೂಗಬೇಕಾಗಿಲ್ಲ. ಆದರೂ ಯೂಟ್ಯೂಬಿನಲ್ಲಿ ಸಿಗುವ ಕರೋಕೆ ಟ್ರ್ಯಾಕನ್ನು ಹಾಗೇ ಹಾಕಿ ಹಾಡಲು ಹೋಗಬೇಡಿ. ಮೊದಲು ಹಾಡುವವರ ಶ್ರುತಿ ನೋಡಿ. ಹಾರ್ಮೋನಿಯಂ ಮುಂದೆ ಕೂರಿಸಿ ಸುಮ್ನೆ ಪಲ್ಲವಿ ಹಾಡಿಸಿದರೆ ಎಲ್ಲಿ ಹಾಯಾಗಿದೆ ಅಂತ ತಿಳಿಯುತ್ತದೆ. ಅಪ್ಪನಿಗೆ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀಲಿಯ ಶ್ರುತಿ ಕೂಡ ಮೇಲಾಯಿತು, ಅದಕ್ಕಿಂತ ಒಂದು ಕೀಲಿ ಇಳಿಸಿದೆ. ಟ್ರ್ಯಾಕಿನ ಶ್ರುತಿ ಏರಿಸಿ ಇಳಿಸುವ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ಯುಗಳಗೀತೆಯಲ್ಲಿ ಇದು ಅಷ್ಟು ಸುಲಭ ಅಲ್ಲ. ಗಂಡಸಿಗೆ ಅಂತ ಇಳಿಸಿದರೆ ಹೆಂಗಸಿನ ದನಿ ಗಂಟಲೊಳಗೇ ಉಳಿಯುತ್ತದೆ. ಭಾವ ಸ್ವಲ್ಪ ಏರಿದರು, ನಾನು ಸ್ವಲ್ಪ ಇಳಿದೆ. ಇನ್ನೊಂದು ಮಾತು: ಸ್ಪೀಕರಿಗೆ ಬ್ಲೂಟೂತ್ ಬೇಡ, ವೈರ್ ಹಾಕಿ. ಬ್ಲೂಟೂತಿನಲ್ಲಿ ದನಿ ಕ್ಷಣ ತಡವಾಗಿ ಬರುತ್ತದೆ, ಹಾಡುವವರ ತಾಳ ಕೆಡುತ್ತದೆ. ಕರೆಂಟ್ ಹೋದರೆ ಹಾರ್ಮೋನಿಯಂ ಇದ್ದೇ ಇದೆ.

ಕಾರ್ಯಕ್ರಮ ಶುರು ಮಾಡಲು ಒಂದು ವಚನ ಬೇಕಿತ್ತು. ನಮ್ಮ ಕಡೆ ಲಗ್ನಪತ್ರಿಕೆಗಳ ಮೇಲೆ ಅಚ್ಚಾಗುವ 'ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ' ಎಲ್ಲರಿಗೂ ಗೊತ್ತು. ಜೇಡರ ದಾಸಿಮಯ್ಯನವರದು. ಅವರು ನೇಕಾರರು, ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನವರು. ಆ ವಚನ ಮದುವೆಗೆ ಬಹಳ ಸರಿ, ಹೊಸ ಜೋಡಿಗೆ ದಾರಿ ತೋರಿಸುತ್ತದೆ. ಆದರೆ ಅವರದೇ ಇನ್ನೊಂದು ವಚನ ಇದೆ, ಹೆಂಡತಿ ದುಗ್ಗಳೆಯ ಬಗ್ಗೆ. ಬಂದುದನ್ನು ಅರಿತು ಬಳಸುವಳು, ಬಂದುದರಲ್ಲಿ ತೃಪ್ತಿ ಪಡುವಳು ಅಂತ ಹೇಳುತ್ತಾ ಬಂದು ಕೊನೆಗೆ 'ದುಗ್ಗಳೆಯ ತಂದು ಬದುಕಿದೆನು ಕಾಣಾ ರಾಮನಾಥ' ಅಂತ ಮುಗಿಸುತ್ತಾರೆ. ಇವಳನ್ನು ತಂದುಕೊಂಡು ಬದುಕಿದೆ! ಸಾವಿರ ವರ್ಷದ ಹತ್ತಿರ ಹತ್ತಿರ ಹಳೆಯ ಮಾತು, ಒಬ್ಬ ಗಂಡ ಹೆಂಡತಿಯ ಹೆಸರು ಹಿಡಿದು ಹೇಳಿದ್ದು. ವಾರ್ಷಿಕೋತ್ಸವಕ್ಕೆ ಇದಕ್ಕಿಂತ ಒಳ್ಳೆಯದು ಕನ್ನಡದಲ್ಲಿ ನನಗೆ ಕಂಡಿಲ್ಲ. ಭೂಪ ರಾಗದಲ್ಲಿ ನಾನೇ ಸರಳವಾಗಿ ಕೂರಿಸಿಕೊಂಡೆ, ಕೊನೆಯ ಸಾಲನ್ನು ಮಂಡಳಿಯವರೆಲ್ಲ ಸೇರಿ ಎತ್ತಿ ಹಾಡಿದೆವು.

ಆಮೇಲೆ ಕೆ.ಎಸ್. ನರಸಿಂಹಸ್ವಾಮಿಯವರ 'ಒಂದಿರುಳು ಕನಸಿನಲಿ'. 1942ರ 'ಮೈಸೂರು ಮಲ್ಲಿಗೆ'ಯ ಕವಿತೆ. ನಮ್ಮೂರು ಚೆಂದವೋ ನಿಮ್ಮೂರು ಚೆಂದವೋ ಅಂತ ಗಂಡ ಕೆಣಕುತ್ತಾನೆ, ಹೆಂಡತಿ ಸುಮ್ಮನಿರಿ ಅಂತಾಳೆ. ಮೈಸೂರು ಸೀಮೆಯ ಮಾತು ನಮ್ಮ ಮಾಳಿಗೆಗೆ ಒಗ್ಗುತ್ತದೋ ಇಲ್ಲವೋ ಅಂತ ಅಕ್ಕನಿಗೆ ಅನುಮಾನ ಇತ್ತು. ಅವ್ವನ ತವರು ಬೀದರ್ ಜಿಲ್ಲೆಯ ಹುಮನಾಬಾದ್. ಹಾಡಿನಲ್ಲಿ ಹೊನ್ನೂರು, ನವಿಲೂರು ಬಂದ ಕೂಡಲೇ ಹಿಂದಿನಿಂದ ಸೋದರಮಾವ "ಹುಮನಾಬಾದ್ ಚೊಲೋನೋ ಕಲಬುರ್ಗಿ ಚೊಲೋನೋ, ಹೇಳಕ್ಕಾ" ಅಂತ ಕೂಗಿದರು. ಅವ್ವ ಸೆರಗಿನಿಂದ ಬೆವರು ಒರೆಸಿಕೊಂಡು, "ಬಿಸಲ್ ಒಂದ್ ಬಿಟ್ರ ಕಲಬುರ್ಗಿನೇ ಚೊಲೋ" ಅಂದಳು. ಮಾಳಿಗೆ ತುಂಬ ನಗು. ಹಾಡು ನಿಲ್ಲಿಸಿ ಮತ್ತೆ ಪಲ್ಲವಿಯಿಂದ ಹಿಡಿಯಬೇಕಾಯಿತು.

ಹಿಂದಿಯ ಒಂದು ಹಾಡಾದರೂ ಬೇಕು ಅನ್ನುವುದು ಕಲಬುರಗಿಯಲ್ಲಿ ಚರ್ಚೆಯ ವಿಷಯವೇ ಅಲ್ಲ. ಅಪ್ಪನ ಜೊತೆ ಡ್ರೈವರ್ ಆಗಿದ್ದ ಕಾಕಾ ಒಬ್ಬರಿದ್ದಾರೆ, ದರ್ಗಾದ ಕಡೆ ಮನೆ, ಉರ್ದು ಮಾತು. 'ಏ ಮೇರಿ ಜೊಹರಾ ಜಬೀಂ' ಅವರ ಹಾಡು. 1965ರ 'ವಕ್ತ್' ಚಿತ್ರಕ್ಕೆ ಸಾಹಿರ್ ಬರೆದು ರವಿ ಸಂಗೀತ ಕೊಟ್ಟದ್ದು, ಹಾಡಿದವರು ಮನ್ನಾ ಡೇ. ಮೂವರು ಮಕ್ಕಳಿರುವ ಗಂಡ ಎಲ್ಲರ ಮುಂದೆ ಹೆಂಡತಿಗೆ ನೀನು ಇನ್ನೂ ಚೆಂದ, ನಾನು ಇನ್ನೂ ಜವಾನ ಅಂತ ಹೇಳುವ ಹಾಡು ಸಿನಿಮಾಗಳಲ್ಲಿ ಎಷ್ಟಿವೆ ಹೇಳಿ? ಚಿತ್ರದಲ್ಲಿ ಆ ಸಂಭ್ರಮದ ಬೆನ್ನಿಗೇ ಭೂಕಂಪ ಆಗಿ ಮನೆ ಚದುರಿ ಹೋಗುತ್ತದೆ. ಆದರೆ ಈ ಹಾಡು ಕೇಳಿದವರಿಗೆ ನೆನಪಾಗುವುದು ಮೆಹಫಿಲ್ಲೇ ಹೊರತು ಭೂಕಂಪ ಅಲ್ಲ. ಕಾಕಾ ಟ್ರ್ಯಾಕ್ ಬೇಡ ಅಂದರು. ಚಪ್ಪಾಳೆಯ ತಾಳಕ್ಕೆ ಹಾಡಿದರು, ಪ್ರತಿ ಸಲ ಪಲ್ಲವಿಗೆ ಬಂದಾಗ ಅವ್ವನ ಕಡೆ ಕೈ ಮಾಡಿ "ಭಾಭೀ" ಅಂತ ಸೇರಿಸಿದರು. ಆ ಸಂಜೆಯ ಅತಿ ಗಟ್ಟಿ ಚಪ್ಪಾಳೆ ಬಿದ್ದದ್ದು ಇದಕ್ಕೇ.

ಪಿ. ಸುಶೀಲಾ ಹಾಡಿದ 'ಬಾಳ ಬಂಗಾರ ನೀನು' ಅವ್ವನಿಂದ ಹಾಡಿಸಬೇಕು ಅಂತ ನನಗೆ ಬಹಳ ಆಸೆ ಇತ್ತು. 1972ರ 'ಬಂಗಾರದ ಮನುಷ್ಯ'ದ ಹಾಡು, ರೊಟ್ಟಿ ಬಡಿಯುವಾಗ ಅವ್ವ ಗುನುಗುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿದ್ದಕ್ಕೆ, "ಅದು ಒಲಿ ಮುಂದ ಹಾಡ್ಕೊಳ್ಳೋದು. ಮೈಕಿನಾಗ ಬ್ಯಾಡ" ಅಂದಳು. ಒತ್ತಾಯ ಮಾಡಲಿಲ್ಲ. ಬೇರೆ ಯಾರೂ ಅದನ್ನು ಹಾಡಬಾರದು ಅಂತಲೂ ಎಲ್ಲರಿಗೂ ಹೇಳಿದೆ.

ಅದರ ಬದಲು ಅವ್ವ ಒಡಪು ಹೇಳಿದಳು. ನಮ್ಮ ಕಡೆ ಮದುವೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಪ್ರಾಸದ ಎರಡು ಸಾಲಿನಲ್ಲಿ ಸೇರಿಸಿ ಹೇಳಬೇಕು, ಹೇಳುವ ತನಕ ಬಾಗಿಲು ಬಿಡುವುದಿಲ್ಲ. ಅವತ್ತು ಓಣಿಯ ಹಿರಿಯ ಹೆಂಗಸರು ಸೋಬಾನ ಪದ ಹಾಡುತ್ತಾ ಮಾಳಿಗೆಯ ಮೆಟ್ಟಿಲಲ್ಲೇ ಅವ್ವನನ್ನು ತಡೆದು ನಿಲ್ಲಿಸಿದರು. ತನ್ನ ಮದುವೆಯಲ್ಲಿ ಹೇಳಿದ್ದ ಒಡಪನ್ನೇ ಅವ್ವ ಒಂದು ಅಕ್ಷರ ತಪ್ಪದೆ ಹೇಳಿದಳು. ಅಪ್ಪನ ಸರದಿ ಬಂದಾಗ ಅವರಿಗೆ ಪ್ರಾಸ ಹೊಳೆಯಲಿಲ್ಲ. ಮೊಮ್ಮಗಳು ಕಿವಿಯಲ್ಲಿ ಹೇಳಿಕೊಟ್ಟಳು. ಯಾವ ಟ್ರ್ಯಾಕ್, ಯಾವ ಸ್ಪೀಕರೂ ಇಲ್ಲದ ಈ ಭಾಗಕ್ಕೆ ನಾನು ಮುಂದೆ ಇನ್ನೂ ಹೆಚ್ಚು ಸಮಯ ಇಡುತ್ತೇನೆ. ಸೋಬಾನ ಪದ ಬಲ್ಲ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ಮೊದಲು ಅವರ ಹತ್ತಿರ ಹೋಗಿ ಕೂತು ಕೇಳಿ, ಆಮೇಲೆ ಸಿನಿಮಾ ಹಾಡು ಹುಡುಕಿ.

ಹಾಡುಗಳ ಸಂಖ್ಯೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಎರಡು ಹಾಡಿನ ನಡುವೆ ನೆಂಟರು ಮಾತಾಡಬೇಕು, ಹಳೆಯ ಸುದ್ದಿ ಎತ್ತಬೇಕು, ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಬೇಕು. ಕೊನೆಗೆ ಎಲ್ಲರೂ ಸೇರಿ ಹಾಡುವಂಥದ್ದು ಒಂದು ಇರಲಿ. ನಮ್ಮಲ್ಲಿ 'ನಮ್ಮ ಸಂಸಾರ ಆನಂದ ಸಾಗರ' ಇಟ್ಟಿದ್ದೆವು. ಪಲ್ಲವಿ ಬಾರದವರೇ ಇರಲಿಲ್ಲ.

ಬೀದರ್‌ನಲ್ಲಿ ನಮ್ಮ ಚಿಕ್ಕಪ್ಪನ ಮಗಳದು ಮುಂದಿನ ತಿಂಗಳು ಇಪ್ಪತ್ತೈದನೇ ವರ್ಷ. ಪಟ್ಟಿ ನನ್ನನ್ನೇ ಕೇಳಿದ್ದಾಳೆ. ದಾಸಿಮಯ್ಯನವರ ವಚನ ಅಲ್ಲೂ ಮೊದಲಿಗೆ. 'ಜೊತೆಯಲಿ' ಅವರಿಬ್ಬರಿಗೂ ಪ್ರಾಣ, ಅದನ್ನು ಅವರೇ ಹಾಡಲಿ ಅಂತ ಹೇಳಿದ್ದೇನೆ. ಶ್ರುತಿ ಇನ್ನೂ ನೋಡಬೇಕು. ಈ ಭಾನುವಾರ ಹಾರ್ಮೋನಿಯಂ ತಗೊಂಡು ಹೋಗುತ್ತಿದ್ದೇನೆ.