ಬೀದರ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಇಲ್ಲಿನ ಎತ್ತರ, ನೆಲ, ನೀರು

ಕೊಡಗು, ಚಿಕ್ಕಮಗಳೂರಿನಂಥ ಗುಡ್ಡಗಾಡು ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗೆ ಬೀದರ್ ನಗರ ಸಮುದ್ರಮಟ್ಟದಿಂದ 2,200 ಅಡಿಗೂ ಮೇಲಿದೆ ಎಂದರೆ ನಂಬಿಕೆ ಬರುವುದಿಲ್ಲ. ಸುತ್ತ ಒಂದು ಶಿಖರವೂ ಕಾಣದಲ್ಲ ಎನ್ನುತ್ತಾರೆ. ಊರು ಕುಳಿತಿರುವುದು ಚಪ್ಪಟೆ ನೆತ್ತಿಯ ಪ್ರಸ್ಥಭೂಮಿಯ ಅಂಚಿನಲ್ಲಿ. ಕೋಟೆಯ ಉತ್ತರದ ಗೋಡೆಯ ಬಳಿ ನಿಂತು ಕೆಳಗಿನ ಬಯಲನ್ನು ನೋಡಿದವರಿಗೆ ಈ ಎತ್ತರ ತಾನಾಗಿಯೇ ತಿಳಿಯುತ್ತದೆ. ಸುಮಾರು 1,500 ಅಡಿಯಲ್ಲಿರುವ ಕಲಬುರಗಿಗೆ ಹೋಲಿಸಿದರೆ ಇಲ್ಲಿನ ಬೇಸಿಗೆ ತುಸು ಸಹ್ಯ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ದಪ್ಪ ರಗ್ಗುಗಳನ್ನು ಇಟ್ಟುಕೊಂಡಿರಬೇಕು.

ಮನೆ ಹುಡುಕುವ ಮುನ್ನ ನೆಲವನ್ನು ಅರಿಯುವುದು ಒಳ್ಳೆಯದು. ಪ್ರಾಚೀನ ಲಾವಾ ಹರಿದು ಗಟ್ಟಿಯಾದ ಕಪ್ಪು ಶಿಲೆಯ ಮೇಲ್ಪದರವು ಯುಗಯುಗಗಳ ಮಳೆ ಬಿಸಿಲಿಗೆ ಮಾರ್ಪಟ್ಟು ಕೆಂಪು ಜಂಬಿಟ್ಟಿಗೆಯಾಗಿದೆ. ರಂಧ್ರಗಳಿಂದ ತುಂಬಿದ ಈ ಕಲ್ಲು ಮಳೆನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಜೇಡಿಪದರ ನೀರನ್ನು ತಡೆಯುವುದರಿಂದ, ಆ ನೀರು ಅಡ್ಡಲಾಗಿ ಜಿನುಗಿ ಇಳಿಜಾರಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಪಾಪನಾಶ, ಗುರುನಾನಕ್ ಝೀರಾ, ಝರಣಿ ನರಸಿಂಹ ಕ್ಷೇತ್ರಗಳ ನೀರಿನ ಗುಟ್ಟು ಇದೇ. ಬಹಮನಿಯರ ಕಾಲದಲ್ಲಿ ಇದೇ ಅಂತರ್ಜಲವನ್ನು ಸುರಂಗದ ಮೂಲಕ ಹರಿಸಿ ಊರಿಗೆ ತಂದ ಏರ್ಪಾಡೇ ಕರೇಜ್. ನೌಬಾದಿನಲ್ಲಿ ಸಾಲಾಗಿ ಕಾಣುವ ಬಾವಿಗಳು ಅದರ ಬಾಯಿಗಳು. ಮಕ್ಕಳಿಗೆ ಭೂಗೋಳ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹೀರಿದ ನೀರು ಬೇಸಿಗೆಯವರೆಗೂ ಉಳಿಯುತ್ತದೆಂಬ ಭರವಸೆ ಮಾತ್ರ ಬೇಡ. ಮಳೆಗಾಲದಲ್ಲಿ ಬಾಡಿಗೆ ಮನೆ ನೋಡುವವರು, ಏಪ್ರಿಲ್, ಮೇ ತಿಂಗಳಲ್ಲಿ ಬೋರ್‌ವೆಲ್ ಹೇಗಿತ್ತು ಎಂದು ಮಾಲೀಕರನ್ನಷ್ಟೇ ಅಲ್ಲದೆ ಪಕ್ಕದ ಮನೆಯವರನ್ನೂ ಕೇಳಿರಿ. ಔರಾದ್, ಭಾಲ್ಕಿ ಕಡೆ ನಿವೇಶನ ಕೊಳ್ಳುವವರು ಯರೆಮಣ್ಣಿನ ಬಗ್ಗೆ ಎಚ್ಚರದಿಂದಿರಬೇಕು: ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಆ ಮಣ್ಣಿನಲ್ಲಿ ಅಡಿಪಾಯವನ್ನು ಗಟ್ಟಿ ನೆಲ ಸಿಗುವವರೆಗೂ ಇಳಿಸದಿದ್ದರೆ ಗೋಡೆ ಸೀಳುತ್ತದೆ.

ಜಿಲ್ಲೆಯ ಹೆಚ್ಚಿನ ನೀರು ಕಾರಂಜಾ, ಮಾಂಜ್ರಾ ನದಿಗಳ ಮೂಲಕ ಗೋದಾವರಿಗೆ ಸೇರಿದರೆ, ಬಸವಕಲ್ಯಾಣದ ಕಡೆ ಹುಟ್ಟುವ ಮುಲ್ಲಾಮಾರಿ ಭೀಮೆಯ ಮೂಲಕ ಕೃಷ್ಣೆಯತ್ತ ಸಾಗುತ್ತದೆ.

ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕಾಗುವುದರಿಂದ ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ, ಮೊಬೈಲನ್ನು ಹೊರಗೇ ಬಿಡಿ, ಬದಲಿ ಬಟ್ಟೆ ಒಯ್ಯಿರಿ. ಹೊರಡುವ ಮುನ್ನ ಅಂದು ಒಳಗೆ ಪ್ರವೇಶವಿದೆಯೇ ಎಂದು ವಿಚಾರಿಸಿರಿ.