ಹೈಸ್ಕೂಲ್ ಮಕ್ಕಳಿಗೆ ಸರ್ವಾಧಿಕಾರಿ ಪಾಠ ಹೇಳ್ಕೊಡೋದು ಹೇಗೆ

ತೀರ್ಥಹಳ್ಳಿ ಹತ್ರ ನಮ್ಮೂರಲ್ಲಿ ಭಾನುವಾರ ಬೆಳಿಗ್ಗೆ ನಮ್ಮನೆ ಜಗಲಿ ಮೇಲೆ ಹನ್ನೆರಡು ಮಕ್ಕಳಿಗೆ ಸಮಾಜ ಪಾಠ ಮಾಡ್ತೀನಿ. ಹಿಟ್ಲರ್, ಸ್ಟಾಲಿನ್ ಪಾಠ ಮೊದಲೆಲ್ಲಾ ನಾನೂ ನೋಟ್ಸ್ ಬರೆಸೇ ಮುಗಿಸ್ತಿದ್ದೆ. ಪ್ರಚಾರ ಅಂತ ಒಂದು ಹೆಡ್ಡಿಂಗ್, ಭಯೋತ್ಪಾದನೆ ಅಂತ ಒಂದು, ಆರ್ಥಿಕ ಹಿಡಿತ ಅಂತ ಇನ್ನೊಂದು, ಒಂದೊಂದಕ್ಕೂ ನಾಲ್ಕು ಪಾಯಿಂಟ್. ಒಂದಿನ ಪಾಠ ಮುಗಿದ್ಮೇಲೆ ಒಬ್ಬ ಹುಡುಗ, ಚೆನ್ನಾಗಿ ಓದೋನೇ, "ಸರ್, ನಮ್ಗೂ ಅಂಥವರು ಒಬ್ರು ಬಂದ್ರೆ ಎಲ್ಲಾ ಸರಿ ಆಗತ್ತಲ್ವಾ" ಅಂದ. ತಮಾಷೆಗಲ್ಲ, ನಿಜವಾಗ್ಲೂ ಕೇಳಿದ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಅವನ ತಪ್ಪೇನಿಲ್ಲ, ನಾನು ಕೊಟ್ಟ ಪಾಯಿಂಟ್‌ಗಳಲ್ಲಿ ಮನುಷ್ಯರೇ ಇರ್ಲಿಲ್ಲ.

ಅದಾದ್ಮೇಲೆ ಪಾಠ ಮಾಡೋ ರೀತೀನೇ ಬದಲಾಯಿಸ್ದೆ. ಟ್ಯೂಷನ್ ಮಾಡೋರು, ಟೀಚರ್‌ಗಳು, ಮನೇಲಿ ಮಕ್ಕಳಿಗೆ ಹೇಳ್ಕೊಡೋ ಅಪ್ಪ ಅಮ್ಮ ಯಾರು ಬೇಕಾದ್ರೂ ಹೀಗೆ ಮಾಡಿ ನೋಡಿ. ಎರಡು ಭಾನುವಾರ ಬೇಕು, ಒಂದು ಸೀಮೆಸುಣ್ಣ, ಒಂದಿಷ್ಟು ಚೀಟಿ, ಎರಡು ಫೋಟೋ ಪ್ರಿಂಟ್ ಸಾಕು. ಆ ಮೂರು ಹೆಡ್ಡಿಂಗ್ ಮಾತ್ರ ಬೇರೆ ಬೇರೆ ಮಾಡ್ಬೇಡಿ. ಅದು ಮೂರು ಎಳೆ ಹೊಸೆದ ಹಗ್ಗ, ಎಳೆ ಬಿಡಿಸಿ ತೋರಿಸಿದ್ರೆ ಮೂರೂ ಬರೀ ನಾರು, ಕುತ್ತಿಗೆಗೆ ಹೇಗೆ ಬಿಗಿಯತ್ತೆ ಅನ್ನೋದು ಗೊತ್ತಾಗೋದೇ ಇಲ್ಲ.

ಮೊದ್ಲು ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳ್ದು 1933ರ ತಾರೀಖು ಬರೀರಿ. ಜನವರಿ 30 ಹಿಟ್ಲರ್ ಜರ್ಮನಿಯ ಚಾನ್ಸಲರ್, ಅಂದ್ರೆ ನಮ್ಮ ಪ್ರಧಾನಿ ಥರ, ಆದ. ಫೆಬ್ರವರಿ 27 ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು, ಮಾರನೇ ದಿನಾನೇ ಮಾತಾಡೋ, ಬರೆಯೋ, ಸಭೆ ಸೇರೋ ಹಕ್ಕನ್ನೆಲ್ಲಾ ತೆಗೆದ ಆದೇಶ ಬಂತು. ಮಾರ್ಚ್ 22 ವಿರೋಧಿಗಳನ್ನ ಕೂಡಿಹಾಕೋ ಡಾಕಾವ್ ಕ್ಯಾಂಪ್ ಶುರು, 23ಕ್ಕೆ ಹಿಟ್ಲರನಿಗೆ ಪಾರ್ಲಿಮೆಂಟ್ ಕೇಳದೇ ಕಾನೂನು ಮಾಡೋ ಅಧಿಕಾರ. ಮೇ 2 ಕಾರ್ಮಿಕ ಸಂಘಗಳಿಗೆ ಬೀಗ, ಮೇ 10 ಪುಸ್ತಕಗಳಿಗೆ ಬೆಂಕಿ, ಜುಲೈ 14 ತನ್ನ ಪಾರ್ಟಿ ಬಿಟ್ಟು ಬೇರೆ ಎಲ್ಲಾ ಪಾರ್ಟಿ ಬ್ಯಾನ್. ನಮ್ಮ ಮಕ್ಕಳಿಗೆ ನಾನು ಹೇಳೋದು, ಅಡಿಕೆ ಸುಲಿಯೋ ಕೆಲಸ ಮುಗಿಯೋ ಹೊತ್ತಿಂದ ಗದ್ದೆ ನಾಟಿ ಹೊತ್ತಿಗೆ, ಅಷ್ಟೇ ಟೈಮ್. ಇದು ವರ್ಷಗಟ್ಟಲೆ ಆಗೋ ವಿಷಯ ಅಂತ ಅಂದ್ಕೊಂಡಿರ್ತಾರೆ, ಆ ಗೆರೆ ಪಕ್ಕ ನಡ್ಕೊಂಡು ಹೋಗಿ ನೋಡಿದ್ರೆ ಹತ್ತು ಹೆಜ್ಜೆ.

ಆಮೇಲೆ ಪ್ರಚಾರ. ಇದನ್ನ ರೇಡಿಯೋದಿಂದ ಶುರು ಮಾಡಿ, ನಮ್ಮ ಕಡೆ ಭದ್ರಾವತಿ ಆಕಾಶವಾಣಿ ಕೇಳ್ಕೊಂಡೇ ಬೆಳೆದ ಮನೆಗಳು ತುಂಬಾ, ಅಜ್ಜಿಯರಿಗೆ ಇವತ್ತಿಗೂ ಅದು ಬೇಕು, ಹಾಗಾಗಿ ಮಕ್ಕಳಿಗೆ ಬೇಗ ಹಿಡಿಯತ್ತೆ. ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ 1933ರಲ್ಲೇ ಒಂದು ಅಗ್ಗದ ರೇಡಿಯೋ ಮಾಡಿಸ್ದ, 76 ಮಾರ್ಕ್ ಬೆಲೆ, ಅದರ ಮಾಡೆಲ್ ನಂಬರ್ 301, ಅಂದ್ರೆ ಜನವರಿ 30ರ ನೆನಪಿಗೆ. 1938ರಲ್ಲಿ 35 ಮಾರ್ಕಿಗೇ ಇನ್ನೊಂದು ಬಂತು. ಬಡವರ ಮನೆಗೂ ಧ್ವನಿ ತಲುಪ್ತು. ಈಗ ಮಕ್ಕಳನ್ನ ಕೇಳಿ: ರೇಡಿಯೋದಲ್ಲಿ ಹೇಳಿದ್ದು ಸುಳ್ಳಿರಬಹುದು ಅಂತ ಡೌಟ್ ಬಂದ್ರೆ ನೀವು ಎಲ್ಲಿ ಚೆಕ್ ಮಾಡ್ತೀರಾ? ನಮ್ಮ ಮಕ್ಕಳು ಹೇಳಿದ್ದನ್ನೆಲ್ಲಾ ನೆಲದ ಮೇಲೆ ಬರೆದೆ. ಬೇರೆ ಪೇಪರ್, ಬೇರೆ ಚಾನೆಲ್, ಲೈಬ್ರರಿ, ಪಕ್ಕದ್ಮನೆಯೋರು. ಆಮೇಲೆ ಒಂದೊಂದೇ ಅಳಿಸ್ತಾ ಬಂದೆ. ಪೇಪರ್ ಅಳಿಸಿ, 1933ರ ಅಕ್ಟೋಬರ್ ಕಾನೂನಿನ ಪ್ರಕಾರ ಸರ್ಕಾರ ಒಪ್ಪಿದೋರು ಮಾತ್ರ ಸಂಪಾದಕರು. ಲೈಬ್ರರಿ ಅಳಿಸಿ, ಪುಸ್ತಕ ಸುಟ್ಟಾಗಿದೆ. ಬೇರೆ ಚಾನೆಲ್ ಅಳಿಸಿ, 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಗ್ತಿದ್ದಂಗೆ ಹೊರದೇಶದ ಸ್ಟೇಷನ್ ಕೇಳೋದೇ ಅಪರಾಧ ಆಯ್ತು. ಕೊನೆಗೆ ಉಳಿಯೋದು ಪಕ್ಕದ್ಮನೆಯೋರು ಒಬ್ರೇ. ಅದನ್ನ ಅಳಿಸ್ಬೇಡಿ, ಹಾಗೇ ಬಿಟ್ಟು ಮುಂದಕ್ಕೆ ಹೋಗಿ.

ಯಾಕಂದ್ರೆ ಭಯದ ಪಾಠ ಶುರುವಾಗೋದೇ ಅಲ್ಲಿಂದ. ಹನ್ನೆರಡು ಚೀಟಿ ಮಡಚಿ ಹಂಚಿ. "ಒಂದು ಚೀಟೀಲಿ ಗುರುತು ಇದೆ, ಅದು ಸಿಕ್ಕೋರು ಬೇರೆಯವರು ಆಡಿದ್ದನ್ನ ಸಂಜೆ ನಂಗೆ ಬಂದು ಹೇಳ್ಬೇಕು, ಯಾರಿಗೂ ತೋರಿಸೋ ಹಾಗಿಲ್ಲ" ಅನ್ನಿ. ಆಮೇಲೆ ಸುಮ್ನೆ ಒಂದು ವಿಷಯ ಕೊಡಿ, ಹಾಸ್ಟೆಲ್ ಊಟ ಹೇಗಿದೆ ಅಂತಾನೋ, ಶಾಲೇಲಿ ಯಾವ ಪಿರಿಯಡ್ ಬೋರು ಅಂತಾನೋ. ನಮ್ಮ ಜಗಲೀಲಿ ಏನಾಯ್ತು ಹೇಳ್ತೀನಿ. ಬೇರೆ ದಿನ ನಿಲ್ಲಿಸೋಕೇ ಆಗದಷ್ಟು ಗಲಾಟೆ ಮಾಡೋ ಮಕ್ಕಳು ಹೆಂಚಿನ ಮೇಲೆ ಬೀಳೋ ಮಳೆ ಸದ್ದು ಕೇಳೋ ಹಾಗೆ ಸುಮ್ನಾದ್ರು. ಒಬ್ಬಳು ಚೀಟೀನ ಮುಷ್ಟಿಯಲ್ಲಿ ಎಷ್ಟು ಗಟ್ಟಿ ಹಿಡಿದಿದ್ಲು ಅಂದ್ರೆ ಬೆವರಿಗೆ ಒದ್ದೆ ಆಗಿತ್ತು. ಇನ್ನೊಬ್ಬ "ಊಟ ಚೆನ್ನಾಗಿದೆ ಸರ್, ಏನೂ ತೊಂದ್ರೆ ಇಲ್ಲ" ಅಂದ, ಹಿಂದಿನ ವಾರಾನೇ ಸಾಂಬಾರಲ್ಲಿ ಹುಳ ಸಿಕ್ತು ಅಂತ ನನ್ನ ಹತ್ರಾನೇ ಹೇಳಿದ್ದೋನು. ಹತ್ತು ನಿಮಿಷ ಆದ್ಮೇಲೆ ಎಲ್ಲರ ಚೀಟೀನೂ ಬಿಚ್ಚಿಸಿ. ಹನ್ನೆರಡೂ ಖಾಲಿ ಇರ್ಬೇಕು. ನಿಜವಾಗ್ಲೂ ಗುರುತು ಹಾಕಿ ಯಾರಿಗೂ ಕೊಡ್ಬೇಡಿ, ಮಕ್ಕಳ ಸ್ನೇಹ ಹಾಳಾಗತ್ತೆ.

ಆ ಖಾಲಿ ಚೀಟಿ ಕೈಯಲ್ಲಿ ಇರೋವಾಗ್ಲೇ ಒಂದು ಲೆಕ್ಕ ಹೇಳಿ. ಜರ್ಮನಿಯ ವುರ್ಜ್‌ಬರ್ಗ್ ಕಡೆ 1937ರಲ್ಲಿ ಗೆಸ್ಟಾಪೋ, ಅಂದ್ರೆ ಹಿಟ್ಲರನ ಗುಪ್ತ ಪೊಲೀಸ್‌ನವರು ಇದ್ದಿದ್ದು 28 ಜನ, ಆ ಸೀಮೆಯ ಜನಸಂಖ್ಯೆ 8 ಲಕ್ಷಕ್ಕೂ ಮೇಲೆ. ನಮ್ಮ ಶಿವಮೊಗ್ಗ ಜಿಲ್ಲೇಲಿ 2011ರ ಗಣತಿ ಪ್ರಕಾರ 17 ಲಕ್ಷ ಚಿಲ್ಲರೆ, ಅಂದ್ರೆ ನಮ್ಮ ಅರ್ಧ ಜಿಲ್ಲೆಗೆ 28 ಜನ. ಅವರ ಕೈಲಿ ಹೇಗೆ ಸಾಧ್ಯ? ಜನಾನೇ ದೂರು ಕೊಡ್ತಿದ್ರು. ಎಷ್ಟೋ ದೂರಿನ ಹಿಂದೆ ಇದ್ದಿದ್ದು ರಾಜಕೀಯ ಅಲ್ಲ, ನಮ್ಮಲ್ಲಿ ಬೇಲಿ ಜಗಳ ಅಂತೀವಲ್ಲ, ಅಂಥದ್ದೇ. ಆದ್ರೆ ಇಲ್ಲಿ ಒಂದು ಮಾತು ಸೇರಿಸ್ಲೇಬೇಕು, ಯಹೂದಿಗಳಿಗೆ, ಕಮ್ಯುನಿಸ್ಟರಿಗೆ ಇದು ಬರೀ ಅನುಮಾನದ ಭಯ ಆಗಿರ್ಲಿಲ್ಲ, ಮನೆಗೆ ನುಗ್ಗಿ ಹೊಡೆದು ಎಳ್ಕೊಂಡು ಹೋಗೋ ಭಯ. ಚೀಟಿ ಆಟದಲ್ಲಿ ಅದು ಬರಲ್ಲ, ಬಾಯಲ್ಲೇ ಹೇಳಿ.

ಸ್ಟಾಲಿನ್ ರಷ್ಯಾದಲ್ಲಿ ಇದು ಕೋಟಾ ಲೆಕ್ಕಕ್ಕೆ ಹೋಯ್ತು. 1937ರ ಜುಲೈ 30ರ ಆದೇಶದಲ್ಲಿ ಯಾವ ಪ್ರಾಂತ್ಯದಲ್ಲಿ ಎಷ್ಟು ಜನರನ್ನ ಗುಂಡಿಟ್ಟು ಕೊಲ್ಬೇಕು, ಎಷ್ಟು ಜನರನ್ನ ಕ್ಯಾಂಪಿಗೆ ಕಳಿಸ್ಬೇಕು ಅಂತ ಮೊದಲೇ ಸಂಖ್ಯೆ ಇತ್ತು, ಹೆಸರು ಆಮೇಲೆ ಹುಡುಕಿದ್ದು. ಎರಡೇ ವರ್ಷದಲ್ಲಿ 6.8 ಲಕ್ಷ ಜನರಿಗೆ ಗುಂಡು. ಇಲ್ಲಿ ಆ ಎರಡು ಫೋಟೋ ತೆಗೀರಿ. ಒಂದರಲ್ಲಿ ಮಾಸ್ಕೋ-ವೋಲ್ಗಾ ಕಾಲುವೆ ದಂಡೆ ಮೇಲೆ ಸ್ಟಾಲಿನ್ ಪಕ್ಕ ಯೆಜೋವ್ ಇದ್ದಾನೆ, ಈ ಕೊಲೆಗಳನ್ನ ನಡೆಸಿದ ಪೊಲೀಸ್ ಮುಖ್ಯಸ್ಥ ಅವನೇ. 1940ರಲ್ಲಿ ಅವನನ್ನೂ ಕೊಂದ್ರು. ಇನ್ನೊಂದು ಅದೇ ಫೋಟೋ, ಆದ್ರೆ ಅವನಿದ್ದ ಜಾಗದಲ್ಲಿ ಬರೀ ನೀರು. ಮಕ್ಕಳು ಆ ನೀರಿನ ಮೇಲೆ ಬೆರಳಿಟ್ಟು ನೋಡ್ಲಿ. ಕೊಂದಿದ್ದು ಭಯ, ಅಳಿಸಿದ್ದು ಪ್ರಚಾರ ಅಂತ ಬಿಡಿಸಿ ಹೇಳೋ ಅಗತ್ಯಾನೇ ಬೀಳಲ್ಲ.

ಎರಡನೇ ಭಾನುವಾರ ಪೂರ್ತಿ ಹೊಟ್ಟೆ ವಿಷಯಕ್ಕೆ, ಅಂದ್ರೆ ಆರ್ಥಿಕ ಹಿಡಿತಕ್ಕೆ ಇಟ್ಕೊಳ್ಳಿ. ಪುಸ್ತಕದಲ್ಲಿ ಎಲ್ಲಕ್ಕಿಂತ ಒಣಕಲಾಗಿ ಬರೋದು ಇದೇ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದೂ ಇದೇ. ಅಡಿಕೆ ಮಂಡಿಯಿಂದ ಶುರು ಮಾಡಿ. ರೇಟ್ ಸರಿ ಇಲ್ಲ ಅಂದ್ರೆ ನಿಮ್ಮಪ್ಪ ಏನ್ಮಾಡ್ತಾರೆ? ರಾಶಿ ಅಡಿಕೆ ಮನೇಲೇ ಇಟ್ಕೋತಾರೆ, ಇಲ್ಲಾ ಶಿವಮೊಗ್ಗ ಬಿಟ್ಟು ಸಾಗರದ ಮಂಡಿಗೆ ಹೋಗ್ತಾರೆ, ಮಂಡಿಯೋರ ಜೊತೆ ಜಗಳಾನೂ ಆಡ್ತಾರೆ. ಈಗ ಒಬ್ಬನೇ ಖರೀದಿದಾರ ಇದ್ದಾನೆ ಅಂದ್ಕೊಳ್ಳಿ, ರೇಟ್ ಅವನೇ ಹೇಳೋದು, ಮನೇಲಿ ಇಟ್ಕೊಂಡ್ರೆ ಜೈಲು, ರೇಷನ್ ಅವನ ಕೈಯಲ್ಲಿ, ಅಣ್ಣನ ಕೆಲಸ ಅವನ ಕೈಯಲ್ಲಿ, ಊರು ಬಿಟ್ಟು ಹೋಗೋಕೂ ಅವನೇ ಪರ್ಮಿಷನ್ ಕೊಡ್ಬೇಕು. ಆಗ ಜಗಳ ಆಡ್ತಾರಾ?

1929ರಿಂದ ಸೋವಿಯತ್ ರೈತರಿಗೆ ಆಗಿದ್ದು ಇದೇ. ಜಮೀನು, ಎತ್ತು, ಕುದುರೆ ಎಲ್ಲಾ ಸಾಮೂಹಿಕ ಫಾರಂಗೆ ಸೇರ್ತು, ಬೆಳೆ ಸರ್ಕಾರದ್ದು. ಕೊಯ್ಲಾದ್ಮೇಲೆ ಗದ್ದೇಲಿ ಹಕ್ಕಲು ಆಯೋದು ನಮ್ಮಲ್ಲಿ ಬಡವರ ಹಕ್ಕು, ಯಾರೂ ಬೇಡ ಅನ್ನಲ್ಲ. ಅಲ್ಲಿ 1932ರ ಆಗಸ್ಟ್ 7ರ ಕಾನೂನಿನಲ್ಲಿ ಫಾರಂನ ಬೆಳೆ ತೆಗೆದ್ರೆ ಮರಣದಂಡನೆ, ಕನಿಕರ ತೋರಿಸಿದ್ರೆ 10 ವರ್ಷ ಜೈಲು. ಹಕ್ಕಲು ಆಯ್ದ ಹೆಂಗಸರನ್ನೂ ಹಿಡಿದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ಪದ್ಧತಿ ತಂದ್ರು, ದೇಶದೊಳಗೆ ಓಡಾಡೋಕೆ, ಅದನ್ನ ಹೆಚ್ಚುಕಡಿಮೆ ಎಲ್ಲಾ ಹಳ್ಳಿ ರೈತರಿಗೆ ಕೊಡ್ಲೇ ಇಲ್ಲ. 1932-33ರ ಬರಗಾಲದಲ್ಲಿ ಉಕ್ರೇನ್ ಒಂದರಲ್ಲೇ 30 ಲಕ್ಷಕ್ಕಿಂತ ಜಾಸ್ತಿ ಜನ ಸತ್ರು, ಧಾನ್ಯ ರಫ್ತು ಮಾತ್ರ ನಿಲ್ಲಲಿಲ್ಲ. ಬರಗಾಲ ಅನ್ನೋ ಮಾತೇ ಪೇಪರಲ್ಲಿ ಬರ್ಲಿಲ್ಲ. 1937ರಲ್ಲಿ ಜನಗಣತಿ ಮಾಡಿದ್ರು, ಲೆಕ್ಕ ಕಮ್ಮಿ ಬಂತು, ಸತ್ತವರನ್ನ ಎಣಿಕೆಯಲ್ಲಿ ಮುಚ್ಚಿಡೋಕೆ ಆಗಲ್ವಲ್ಲ, ಆಗ ಗಣತೀನೇ ರದ್ದು ಮಾಡಿ ಎಣಿಸಿದ ಅಧಿಕಾರಿಗಳನ್ನ ಅರೆಸ್ಟ್ ಮಾಡಿದ್ರು. ಈ ಒಂದು ಗಣತಿ ಕಥೆ ನಿಧಾನವಾಗಿ ಹೇಳಿ, ಅವಸರ ಬೇಡ, ಮೂರು ಎಳೇನೂ ಇಲ್ಲೇ ಗಂಟು ಬಿದ್ದಿದೆ.

ಇಷ್ಟೊತ್ತಿಗೆ ಯಾರಾದ್ರೂ "ಆದ್ರೆ ಹಿಟ್ಲರ್ ಕೆಲಸ ಕೊಟ್ನಲ್ವಾ" ಅಂತ ಕೇಳೇ ಕೇಳ್ತಾರೆ. ಬೈಬೇಡಿ, ಸುಳ್ಳೂ ಹೇಳ್ಬೇಡಿ. 1933ರ ಶುರುವಿನಲ್ಲಿ 60 ಲಕ್ಷ ನಿರುದ್ಯೋಗಿಗಳಿದ್ರು, ಸಂಖ್ಯೆ ಇಳೀತು, ನಿಜ. ಹೇಗೆ ಇಳೀತು ಅಂತ ತೋರಿಸಿ. ಯುದ್ಧದ ಸಾಮಾನು ತಯಾರಿ, 1935ರಿಂದ ಕಡ್ಡಾಯ ಸೈನ್ಯ, ಯಹೂದಿಗಳನ್ನ ಕೆಲಸದಿಂದ ತೆಗೆದಿದ್ದು, ಹೆಂಗಸರನ್ನ ಮನೆಗೆ ಕಳಿಸಿದ್ದು. ಪ್ರತಿ ಕೆಲಸಗಾರನಿಗೂ ಒಂದು ವರ್ಕ್ ಬುಕ್, ಅದು ಮಾಲೀಕನ ಹತ್ರ ಇರ್ತಿತ್ತು, ವಾಪಸ್ ಕೊಡದಿದ್ರೆ ಬೇರೆ ಕಡೆ ಕೆಲಸ ಸಿಗಲ್ಲ, ಸಂಬಳ ಜಾಸ್ತಿ ಕೇಳೋಕೆ ಸಂಘಾನೂ ಇಲ್ಲ. ಆಮೇಲೆ ಕಾರಿನ ಕಥೆ ಹೇಳಿ, ನಮ್ಮ ಕಡೆ ಚೀಟಿ ಫಂಡು ಗೊತ್ತಿರೋ ಮಕ್ಕಳಿಗೆ ತಟ್ಟಂತ ಅರ್ಥ ಆಗತ್ತೆ: ವಾರಕ್ಕೆ 5 ಮಾರ್ಕ್ ಸ್ಟಾಂಪ್ ಅಂಟಿಸ್ತಾ ಹೋದ್ರೆ ಕಾರು ಕೊಡ್ತೀವಿ ಅಂದ್ರು, 3 ಲಕ್ಷಕ್ಕೂ ಮೇಲೆ ಜನ ದುಡ್ಡು ಕಟ್ಟಿದ್ರು, ಹಿಟ್ಲರ್ ಇರೋವರೆಗೆ ಅವರಲ್ಲಿ ಒಬ್ಬರಿಗೂ ಕಾರು ಬರ್ಲಿಲ್ಲ, ಫ್ಯಾಕ್ಟರಿ ಮಿಲಿಟರಿ ಗಾಡಿ ಮಾಡ್ತು.

ಹೋಮ್‌ವರ್ಕ್ ಬೇಕು ಅಂದ್ರೆ 1975ರಿಂದ 77ರ ತುರ್ತು ಪರಿಸ್ಥಿತಿ ಹೇಗಿತ್ತು ಅಂತ ಅಜ್ಜ ಅಜ್ಜಿಯನ್ನ ಕೇಳ್ಕೊಂಡು ಬರೋಕೆ ಹೇಳಿ. ಪೇಪರಿಗೆ ಸೆನ್ಸಾರ್, ವಿಚಾರಣೆ ಇಲ್ಲದೇ ಜೈಲು ಎರಡೂ ಇತ್ತು. ಆದ್ರೆ ಹಿಟ್ಲರ್ ಕಾಲಾನೂ ಅದೂ ಒಂದೇ ಅಂತ ಬರೆಸ್ಬೇಡಿ. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದು ಸರ್ಕಾರ ಸೋತು ಇಳೀತು, ಆ ವ್ಯತ್ಯಾಸ ಮಕ್ಕಳಿಗೆ ಗೊತ್ತಿರ್ಬೇಕು.

ಮಕ್ಕಳ ಪ್ರಶ್ನೆಗೆ ಅಂತ ಕೊನೆ ಹತ್ತು ನಿಮಿಷ ಉಳಿಸ್ಕೊಳ್ಳಿ. ಅಂಥವರು ಒಬ್ರು ಬರ್ಲಿ ಅಂದಿದ್ದ ಆ ಹುಡುಗನೇ ಈ ಸಲ ನೆಲದ ಗೆರೇಲಿ ಮಾರ್ಚ್ 23 ತೋರಿಸಿ "ಅವತ್ತು ಯಾರೂ ಬೇಡ ಅನ್ಲಿಲ್ವಾ ಸರ್" ಅಂತ ಕೇಳ್ದ. ಅಂದ್ರು. ಕಮ್ಯುನಿಸ್ಟ್ ಸದಸ್ಯರನ್ನ ಒಳಗೇ ಬಿಟ್ಟಿರ್ಲಿಲ್ಲ, ಸಭಾಂಗಣದಲ್ಲಿ ಹಿಟ್ಲರನ ಸಮವಸ್ತ್ರದ ಗೂಂಡಾಗಳು ನಿಂತಿದ್ರು, ಅವರ ಮಧ್ಯೆ ಸೋಶಿಯಲ್ ಡೆಮಾಕ್ರಾಟ್ ಪಾರ್ಟಿಯ ಒಟ್ಟೊ ವೆಲ್ಸ್ ಎದ್ದು ನಮ್ಮ ಸ್ವಾತಂತ್ರ್ಯ, ಜೀವ ತೆಗೀಬಹುದು, ಮಾನ ತೆಗೆಯೋಕೆ ಆಗಲ್ಲ ಅಂದ. 444 ವೋಟು ಪರ, 94 ವಿರುದ್ಧ. ಹುಡುಗ ಸೀಮೆಸುಣ್ಣ ಇಸ್ಕೊಂಡು ಆ ತಾರೀಖಿನ ಕೆಳಗೆ 94 ಅಂತ ಬರೆದು, ಪಕ್ಕದಲ್ಲಿ ಜಾಗ ಬಿಟ್ಟು, "ಅವ್ರ ಹೆಸರೆಲ್ಲಾ ಸಿಗತ್ತಾ ಸರ್" ಅಂದ.